ರಂಗಸ್ಥಳದ ಮುಂದೆ ಫ್ಲ್ಯಾಷ್ ಬೇಡ

ಮಾನ್ಯ ಸಂಪಾದಕರೇ,

ಯಕ್ಷಗಾನ ಮೇಳಗಳ ತಿರುಗಾಟ ಶುರುವಾಯಿತೆಂದರೆ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆಯ ಊರುಗಳ ಬಯಲಿನಲ್ಲಿ ರಂಗಸ್ಥಳ ಏಳುತ್ತದೆ. ಇತ್ತ ಚಿಕ್ಕಮಗಳೂರು ನಗರದ ಕುವೆಂಪು ಕಲಾಮಂದಿರದಲ್ಲಿ ನಾಟಕ, ನೃತ್ಯ, ಸಂಗೀತದ ಕಾರ್ಯಕ್ರಮಗಳು ನಡೆಯುತ್ತಿರುತ್ತವೆ. ನೋಡಲು ಬರುವವರ ಕೈಯಲ್ಲಿ ಈಗ ಮೊಬೈಲ್ ಇದ್ದೇ ಇರುತ್ತದೆ, ಕೆಲವು ಯುವಕ ಯುವತಿಯರ ಹೆಗಲಲ್ಲಿ ಹೊಸದಾಗಿ ಕೊಂಡ ಕ್ಯಾಮೆರಾ ಕೂಡ. ಅವರು ಚಿತ್ರ ತೆಗೆಯಲಿ ಎಂಬುದೇ ನನ್ನ ಆಸೆ. ನಾನೂ ಮೂರು ವರ್ಷದಿಂದ ಅದನ್ನೇ ಕಲಿಯುತ್ತಿರುವವನು. ಆದರೆ ಮಂದ ಬೆಳಕಿನಲ್ಲಿ ಕುಣಿಯುವ ಕಲಾವಿದರ ಕಣ್ಣಿಗೆ ನೇರವಾಗಿ ಹೊಡೆಯುವ ಫ್ಲ್ಯಾಷ್ ನಿಲ್ಲಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಕೊಪ್ಪ ತಾಲ್ಲೂಕಿನ ಒಂದು ಊರಿನಲ್ಲಿ ನಡೆದ ಇಡೀ ರಾತ್ರಿಯ ಯಕ್ಷಗಾನ ಆಟದಲ್ಲಿ ನಾನೇ ಈ ತಪ್ಪು ಮಾಡಿದೆ. ಕ್ಯಾಮೆರಾ ಆಟೊ ಮೋಡ್‌ನಲ್ಲಿತ್ತು. ಪುಂಡುವೇಷದ (ತರುಣ ವೀರನ ಪಾತ್ರದ) ಕಲಾವಿದರು ಧಿಗಿಣ (ಗಿರಗಿರನೆ ಸುತ್ತುತ್ತಾ ನೆಗೆಯುವ ಕುಣಿತ) ಹಾಕುತ್ತಿದ್ದಾಗ ಗುಂಡಿ ಒತ್ತಿದೆ, ಫ್ಲ್ಯಾಷ್ ತಾನಾಗಿಯೇ ಮೇಲೆದ್ದು ಬೆಳಗಿತು, ಅವರ ಹೆಜ್ಜೆ ಒಂದು ಕ್ಷಣ ತಡವರಿಸಿತು. ಬೆಳಗಿನ ಜಾವ ವೇಷ ಕಟ್ಟುವ ಚೌಕಿಗೆ ಹೋಗಿ ಕ್ಷಮೆ ಕೇಳಿದಾಗ ಅವರು ಬೈಯಲಿಲ್ಲ. "ಬೆಳಕು ಹೊಡೆದ್ರೆ ಸ್ವಲ್ಪ ಹೊತ್ತು ಏನೂ ಕಾಣುದಿಲ್ಲ ಮಾರಾಯ್ರೆ, ರಂಗಸ್ಥಳದ ಅಂಚು ಎಲ್ಲಿದೆ ಅಂತ ಕಾಲೇ ಹುಡುಕ್ಬೇಕು" ಎಂದಷ್ಟೇ ಹೇಳಿ ಮುಖದ ಬಣ್ಣ ಒರೆಸಿಕೊಳ್ಳತೊಡಗಿದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇಷ್ಟು ತೊಂದರೆ ಕೊಟ್ಟು ಪಡೆದ ಚಿತ್ರವಾದರೂ ಚೆನ್ನಾಗಿ ಬರುತ್ತದೆಯೇ ಎಂದರೆ ಅದೂ ಇಲ್ಲ. ಅಂತರ ಎರಡು ಪಟ್ಟಾದರೆ ಫ್ಲ್ಯಾಷ್‌ನ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತನೇ ಸಾಲಿನಲ್ಲಿ ಕುಳಿತವರ ಮೊಬೈಲ್ ಬೆಳಗಿಸುವುದು ಮುಂದೆ ಕುಳಿತವರ ತಲೆಗಳನ್ನು ಮಾತ್ರ. ಹತ್ತಿರದಿಂದ ಹೊಡೆದರೆ ಬಣ್ಣದ ವೇಷದ ಮುಖದಲ್ಲಿ ಗಂಟೆಗಟ್ಟಲೆ ಕುಳಿತು ಇಟ್ಟ ಚಿಟ್ಟಿಯ (ಅಕ್ಕಿಹಿಟ್ಟಿನ ಚುಕ್ಕೆಗಳ) ಉಬ್ಬುತಗ್ಗುಗಳೆಲ್ಲ ಸಪಾಟಾಗಿ, ಮುಖ ಗೋಡೆಗೆ ಬಳಿದ ಬಣ್ಣದಂತೆ ಕಾಣುತ್ತದೆ. ದೀವಟಿಗೆಯ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಬೆಳೆದುಬಂದ ಕಲೆಗೆ ನೆರಳೂ ಬೇಕು.

ಹಾಗಾದರೆ ಹೊಸಬರು ಏನು ಮಾಡಬೇಕೆಂಬ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡದೆ ಬರೀ 'ಬೇಡ' ಎನ್ನುವುದು ಸರಿಯಲ್ಲ. ಕ್ಯಾಮೆರಾದ ಜೊತೆಗೆ ಬರುವ ೧೮-೫೫ ಎಂಎಂ ಲೆನ್ಸ್ ಅನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಸಾಮಾನ್ಯವಾಗಿ ಎಫ್/೫.೬ ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/೧.೮ ರ ೫೦ ಎಂಎಂ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ, ಮತ್ತು ಲೆನ್ಸ್‌ಗಳಲ್ಲಿ ಕಡಿಮೆ ಬೆಲೆಗೆ ಸಿಗುವುದೂ ಇದೇ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ೩೨೦೦ಕ್ಕೆ, ಬೇಕಾದರೆ ೬೪೦೦ಕ್ಕೆ ಏರಿಸಲು ಹೆದರಬೇಕಾಗಿಲ್ಲ. ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತದಲ್ಲಿ) ತೆಗೆದರೆ ಚಿತ್ರದ ನಾಯ್ಸನ್ನು (ಮರಳಿನಂಥ ಚುಕ್ಕೆಗಳನ್ನು) ಮನೆಗೆ ಹೋಗಿ ಕಡಿಮೆ ಮಾಡಿಕೊಳ್ಳಬಹುದು, ಅಲುಗಾಡಿ ಮಸುಕಾದ ಮುಖವನ್ನು ಹಾಗೆ ಸರಿಪಡಿಸಲು ಬರುವುದಿಲ್ಲ.

ಹೊಸಬರು ಹೆಚ್ಚು ಎಡವುವುದು ಬೆಳಕಿನ ಅಳತೆಯಲ್ಲಿ. ಹಿಂದೆ ಕಪ್ಪು ಪರದೆ, ನಡುವೆ ಬೆಳಗಿದ ಒಂದು ಮುಖ. ಚೌಕಟ್ಟಿನ ಬಹುಪಾಲು ಕತ್ತಲೆಯೇ ಆಗಿರುವುದರಿಂದ ಕ್ಯಾಮೆರಾ ಅದನ್ನೆಲ್ಲ ಬೆಳಗಿಸಲು ಹೊರಟು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಮ್ಯಾನ್ಯುಯಲ್ ಮೋಡ್‌ನಲ್ಲಿಟ್ಟು ಮುಖಕ್ಕೆ ಸರಿಯಾಗುವಂತೆ ಹೊಂದಿಸಿಕೊಂಡರೆ, ದೀಪಗಳು ಬದಲಾಗದಿರುವವರೆಗೆ ಮತ್ತೆ ಮುಟ್ಟಬೇಕಾಗಿಲ್ಲ. ಕೆಂಪು, ನೀಲಿ ಎಲ್ಇಡಿ ದೀಪಗಳ ಕೆಳಗಂತೂ ಇನ್ನೂ ಸ್ವಲ್ಪ ಕಪ್ಪಾಗಿಯೇ ತೆಗೆಯುವುದು ಒಳ್ಳೆಯದು, ಇಲ್ಲವಾದರೆ ಕಣ್ಣು ಮೂಗು ಒಂದೂ ಉಳಿಯದೆ ಮುಖವೆಲ್ಲ ಒಂದೇ ಬಣ್ಣದ ಮುದ್ದೆಯಾಗುತ್ತದೆ. ನಮ್ಮ ವಿದ್ಯುತ್ತಿನ ೫೦ ಹರ್ಟ್ಸ್‌ಗೆ ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಅಲ್ಲಿ ಶಟರ್ ತೆರೆದಿರುವ ಹೊತ್ತನ್ನು ೧/೧೦೦ ಸೆಕೆಂಡಿಗೆ ಇಟ್ಟರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಹಳದಿಯಾಗಿ ಬರುವುದು ತಪ್ಪುತ್ತದೆ.

ಧಿಗಿಣದ ಸುತ್ತನ್ನು ೧/೧೦೦ ರಲ್ಲಿ ಹಿಡಿಯಲಾಗುವುದಿಲ್ಲ ಎನ್ನುವುದು ನಿಜ, ಅದಕ್ಕೆ ೧/೫೦೦ ಆದರೂ ಬೇಕು, ಅಷ್ಟು ಬೆಳಕು ರಂಗಸ್ಥಳದಲ್ಲಿ ಇರುವುದು ಅಪರೂಪ. ಆದರೆ ಆಟವನ್ನು ಬಲ್ಲವರಿಗೆ ಇದಕ್ಕೆ ದಾರಿ ಗೊತ್ತು. ಭಾಗವತರು ಪದ್ಯ ಮುಗಿಸಿ, ಚಂಡೆ ಮದ್ದಳೆಗಳು ಮುಕ್ತಾಯಕ್ಕೆ ಬಂದಾಗ ವೇಷಧಾರಿ ಒಂದು ಗಳಿಗೆ ನಿಲ್ಲುತ್ತಾರೆ, ಆ ನಿಲುವಿನಲ್ಲಿ ಕುಣಿತದ ಅಷ್ಟೂ ಬಿಸಿ ಇನ್ನೂ ಮೈಯಲ್ಲಿರುತ್ತದೆ. ಪದ್ಯದ ಅರ್ಥ ಹೇಳುವಾಗಲೂ ಮಾತಿನ ನಡುವೆ ಮೌನದ ಎಡೆಗಳಿವೆ. ತಾಳ ಕೇಳಿಸಿಕೊಳ್ಳುತ್ತಾ ಬೆರಳನ್ನು ಗುಂಡಿಯ ಮೇಲಿಟ್ಟು ಕಾದರೆ ಕಡಿಮೆ ಬೆಳಕಿನಲ್ಲೂ ಚಿತ್ರ ಸಿಗುತ್ತದೆ, ಜೊತೆಗೆ ಆಟವನ್ನೂ ನೋಡಿದಂತಾಗುತ್ತದೆ. ಮೂಡಿಗೆರೆಯ ತೋಟದಲ್ಲಿ ಬಾಳುತ್ತಾ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ ಜಿಲ್ಲೆಯವರಿಗೆ, ಕಾಯುವುದೇ ಈ ಕೆಲಸದ ಅರ್ಧ ಭಾಗವೆಂದು ನಾನು ಹೇಳಬೇಕಾಗಿಲ್ಲ.

ಫ್ಲ್ಯಾಷ್ ಹೊಡೆಯುವ ಯಾರೂ ಕಲಾವಿದರಿಗೆ ತೊಂದರೆ ಕೊಡಬೇಕೆಂದು ಹೊಡೆಯುವುದಿಲ್ಲ. ಬಹುಪಾಲು ಜನರಿಗೆ ತಮ್ಮ ಮೊಬೈಲಿನಲ್ಲಿ ಅದು ತಾನಾಗಿ ಬೆಳಗುವಂತಿದೆ ಎಂಬುದೇ ತಿಳಿದಿರುವುದಿಲ್ಲ. ಆದ್ದರಿಂದ ಆಟ ಆಡಿಸುವ ಸಮಿತಿಗಳು ಮತ್ತು ಸಭಾಂಗಣದ ಕಾರ್ಯಕ್ರಮಗಳ ಸಂಘಟಕರಲ್ಲಿ ನನ್ನದೊಂದು ವಿನಂತಿ. ಮೊಬೈಲ್ ಸದ್ದು ನಿಲ್ಲಿಸಿ ಎಂದು ಮೈಕಿನಲ್ಲಿ ಹೇಳುವಾಗಲೇ ಫ್ಲ್ಯಾಷ್ ಆರಿಸಿ ಎಂಬ ಮಾತನ್ನೂ ಸೇರಿಸಿ, ತಡವಾಗಿ ಬರುವವರಿಗಾಗಿ ನಡುರಾತ್ರಿ ಇನ್ನೊಮ್ಮೆ ಹೇಳಿ. ಕ್ಯಾಮೆರಾದವರಿಗೆ ರಂಗಸ್ಥಳದ ಎಡಬಲಗಳಲ್ಲಿ, ಪ್ರೇಕ್ಷಕರಿಗೆ ಅಡ್ಡವಾಗದಂತೆ, ಒಂದಿಷ್ಟು ಜಾಗ ಗುರುತಿಸಿ ಕೊಡಿ. ಕ್ಯಾಮೆರಾ ಹಿಡಿದವರೂ ಫೋಕಸ್‌ಗೆಂದು ಬೆಳಗುವ ಚಿಕ್ಕ ದೀಪವನ್ನು ಆರಿಸಿ, ಹಿಂಬದಿಯ ಪರದೆಯ ಬೆಳಕನ್ನು ತಗ್ಗಿಸಿಕೊಳ್ಳಬೇಕು. ನಮ್ಮ ಊರ ಸುತ್ತಮುತ್ತಲ ಆಟಗಳಿಗೆ ನಾನು ಹೇಗೂ ಬರುತ್ತೇನೆ. ಸಮಿತಿಯವರು ಒಪ್ಪಿದರೆ ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಬಂದು, ಕೇಳಿದವರ ಮೊಬೈಲ್ ಮತ್ತು ಕ್ಯಾಮೆರಾಗಳಲ್ಲಿ ಫ್ಲ್ಯಾಷ್ ಆರಿಸುವುದು ಹೇಗೆಂದು ತೋರಿಸಿಕೊಡಲು ಸಿದ್ಧನಿದ್ದೇನೆ.

– ಹವ್ಯಾಸಿ ಛಾಯಾಗ್ರಾಹಕ, ಚಿಕ್ಕಮಗಳೂರು