ಆ ಹುಡುಗನ ಉಚ್ಚಾರ ತಿದ್ದಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಹುಡುಗನೊಬ್ಬನ ಹೊಸ ಸಿಂಗಲ್ ಹಾಡಿನ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ತುಂಬಾ ಖುಷಿಯಾಯಿತು. ಸಿನಿಮಾದ್ದಲ್ಲದ ಹಾಡಿಗೆ ಅಷ್ಟು ಜಾಗ ಯಾರು ಕೊಡುತ್ತಾರೆ? ಆದರೆ ಕೊನೆಯಲ್ಲಿ, ಉಚ್ಚಾರ ಸ್ವಲ್ಪ ತಿದ್ದಿಕೊಂಡರೆ ಎಲ್ಲ ಕನ್ನಡಿಗರನ್ನೂ ತಲುಪಬಹುದು ಅಂತ ಒಂದು ಸಲಹೆ ಇತ್ತಲ್ವಾ, ಅದನ್ನು ನಾನು ಒಪ್ಪುವುದಿಲ್ಲ.

ಆ ಹಾಡು ಹುಟ್ಟಿದ್ದೇ ಇಂಥ ಸಲಹೆ ಕೇಳಿ ಕೇಳಿ ಬೇಸತ್ತು. ನಾನು ಗಾನಮೇಳದ (ಆರ್ಕೆಸ್ಟ್ರಾ) ತಂಡವೊಂದರಲ್ಲಿ ರಿದಂ ಪ್ಯಾಡ್ ನುಡಿಸುವವನು, ಜಾತ್ರೆ, ಮದುವೆ ಮನೆಯ ಮದರಂಗಿ ಅಂತ ಊರೂರು ತಿರುಗುತ್ತೇನೆ. ಸ್ಟೇಜಿಗೆ ಚೀಟಿ ಬರುತ್ತಲೇ ಇರುತ್ತದೆ, ಎಲ್ಲವೂ ಸಿನಿಮಾ ಹಾಡು, ಅದೂ ಮೂಲ ಗಾಯಕರ ಹಾಗೇ ಇರಬೇಕು, ಒಂದು ಕಡೆ ಸ್ವಲ್ಪ ಬೇರೆ ಥರ ಹಾಡಿದರೂ ಕೆಳಗಿನಿಂದ ಕೂಗುತ್ತಾರೆ. ಸ್ವಂತ ಹಾಡು ಶುರು ಮಾಡಿದರೆ ಸಮಿತಿಯವರು ಸೈಡಿಗೆ ಬಂದು ಸಾಕು ಅಂತ ಕೈ ಮಾಡುತ್ತಾರೆ. ಈ ಹುಡುಗನಿಗೂ ಹಾಗೆ ಮಾಡಿದ್ದನ್ನು ನಾನು ಹಿಂದೆ ಕೂತು ನೋಡಿದ್ದೇನೆ.

ಮಲಯಾಳದಲ್ಲಿ ಹಾಡು, ಕೇಳುವವರು ಜಾಸ್ತಿ ಅಂತ ಈ ಕಡೆಯವರು ಹೇಳಿದರು. ಬೆಂಗಳೂರಿನ ಕನ್ನಡ ಮಾಡು ಅಂತ ಆ ಕಡೆಯವರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ನಮ್ಮ ಪಾಡೇ ಇದು. ಅವನು ಎರಡನ್ನೂ ಕೇಳಲಿಲ್ಲ. ಎರಡನೇ ಚರಣದಲ್ಲಿ ಗಿಟಾರ್ ನಿಂತು ಚೆಂಡೆ ಮಾತ್ರ ಉಳಿದಾಗ, ‘ಎಂತ ಉಂಟು ನನ್ನತ್ರ’ ಅಂತ ಸ್ವರ ಎಳೆಯುತ್ತಾನೆ ನೋಡಿ, ಆ ಎಳೆತ ಯಕ್ಷಗಾನ ಬಯಲಾಟದಲ್ಲಿ ಭಾಗವತರು ಹಾಡುವುದನ್ನು ಕೇಳಿ ಬಂದದ್ದು. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಹುಡುಗ ಬೇರೆ ಹೇಗೆ ಹಾಡಬೇಕು? ಅದನ್ನು ತಿದ್ದಿದರೆ ಹಾಡಿನಲ್ಲಿ ಅವನೇ ಇರುವುದಿಲ್ಲ.

ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಹಾಡಿದಾಗ ಉತ್ತರ ಕರ್ನಾಟಕದ ಮಾತನ್ನು ನಾವೆಲ್ಲ ಹಾಗೇ ಬಾಯಿಪಾಠ ಮಾಡಿಕೊಂಡೆವು. ಆಮೇಲೆ ರಘು ದೀಕ್ಷಿತ್ ಅವೇ ಪದಗಳನ್ನು ಗಿಟಾರ್ ಹಿಡಿದು ಹೊರದೇಶಗಳಲ್ಲೂ ಹಾಡಿದರು, ಕನ್ನಡವೇ ಬಾರದವರು ಕುಣಿದರು. ಗಡಿನಾಡಿನವರ ಮಾತು ಮಾತ್ರ ಯಾಕೆ ತಪ್ಪಾಗಿ ಕೇಳಿಸುತ್ತದೆ?

ಅವನು ಬಿಟ್ಟುಕೊಟ್ಟದ್ದು ಸಣ್ಣದೇನಲ್ಲ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ. 2024ರಿಂದ, 12 ತಿಂಗಳಲ್ಲಿ 1,000 ಸಲವಾದರೂ ಕೇಳದ ಹಾಡಿಗೆ ದುಡ್ಡೇ ಇಲ್ಲ. ಅದಕ್ಕೇ ಶುರುವಿನಲ್ಲೇ ಪಲ್ಲವಿ ತಂದು ಕೇಳುವವರನ್ನು ಹಿಡಿದಿಡು ಅಂತ ಸ್ಟುಡಿಯೊದವರು ಎಷ್ಟು ಹೇಳಿದರೂ, ಇವನು ಚೆಂಡೆಯನ್ನೇ ಮೊದಲು ಇಟ್ಟ, ಪಲ್ಲವಿ ನಿಧಾನಕ್ಕೆ ಬರುತ್ತದೆ. ಸ್ಟುಡಿಯೊದ ದುಡ್ಡು ಕೊಟ್ಟದ್ದು ಗಾನಮೇಳದಲ್ಲಿ ರಾತ್ರಿಯಿಡೀ ಹಾಡಿ.

ಇನ್ನು ಜಾತ್ರೆಗಳ ಕಾಲ. ಸಮಿತಿಯವರಲ್ಲಿ ನನ್ನದೊಂದು ವಿನಂತಿ, ಒಂದು ರಾತ್ರಿಯಲ್ಲಿ ಒಂದೇ ಒಂದು ಸ್ವಂತ ಹಾಡಿಗೆ ಐದು ನಿಮಿಷ ಬಿಡಿ, ಉಳಿದದ್ದೆಲ್ಲ ನೀವು ಹೇಳಿದ್ದೇ ಹಾಡುತ್ತೇವೆ. ನಿಮ್ಮಲ್ಲಿ ಕೇಳುವುದು ಇಷ್ಟೇ, ಮಂಜೇಶ್ವರ, ಉಪ್ಪಳ, ಮುಳ್ಳೇರಿಯ ಕಡೆ ಸ್ವಂತ ಹಾಡು ಮಾಡುವ ಮಕ್ಕಳು ಇನ್ನೂ ಇದ್ದಾರೆ, ಅವರನ್ನೂ ಕರೆದು ಮಾತಾಡಿಸಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಹಾಕಿ.

– ಗಾನಮೇಳದ ಕಲಾವಿದ, ನೀರ್ಚಾಲು