ಬಾಡಿಗೆಯವರಿಗೂ ಮುಟ್ಟುವಂಥ ತೆರಿಗೆ ರಿಯಾಯಿತಿ ಬೇಕು

ಸಂಪಾದಕರಿಗೆ ನಮಸ್ಕಾರ.

ನಾನು ಮದ್ದೂರಿನಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಕಳೆದ ಜುಲೈನಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಓನರ್ ಸಹಿ ಹಾಕಿದ ಹನ್ನೆರಡು ಬಾಡಿಗೆ ಚೀಟಿ, ತಿಂಗಳ ಪ್ರಕಾರ ಜೋಡಿಸಿ ಪಿನ್ ಹೊಡೆದಿದ್ದಳು. "ಅಣ್ಣಾ, ಇವನ್ನ ಕೊಟ್ರೆ ಏನಾದ್ರೂ ವಾಪಸ್ ಬತ್ತದಾ?" ಅಂದಳು. ಕೈಗೆ ಬರುವ ಸಂಬಳ 12 ಸಾವಿರ, ಬಾಡಿಗೆ 4,500. ತೆರಿಗೆ ಕಟ್ಟಿದ್ದರೆ ತಾನೇ ವಾಪಸ್ ಬರೋದು, ಇಲ್ಲಮ್ಮ ಅಂದೆ. ಚೀಟಿಗಳನ್ನು ಮತ್ತೆ ಕವರಿಗೆ ಹಾಕಿಕೊಂಡು ಹೋದಳು.

ಅವಳಿರುವುದು ಸಿಮೆಂಟ್ ಶೀಟಿನ ಒಂದು ರೂಮಿನಲ್ಲಿ. ಐದು ಮನೆಗೆ ಒಂದೇ ಟಾಯ್ಲೆಟ್. ಕೆ.ಆರ್. ಪೇಟೆ ಕಡೆಯ ಹಳ್ಳಿಯಲ್ಲಿ ಸರ್ಕಾರದ ಸಹಾಯದಿಂದ ಕಟ್ಟಿದ ಮನೆ ಇದೆ, ಆದರೆ ಕೆಲಸ ಇರೋದು ಇಲ್ಲಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ನಮ್ಮ ಬೀದಿಯಲ್ಲಂತೂ ಬಾಡಿಗೆ, ಅಡ್ವಾನ್ಸ್ ಎರಡೂ ಜಾಸ್ತಿ ಆಗಿವೆ.

ಬಡವರ ಮನೆಗೆ ಅಂತ ತೆರಿಗೆ ರಿಯಾಯಿತಿ ಇರಲೇ ಇಲ್ಲವೇ? ಇತ್ತು. ಆದಾಯ ತೆರಿಗೆ ಕಾಯ್ದೆಯ 80-ಐಬಿಎ ಸೆಕ್ಷನ್‌ನಲ್ಲಿ ಕೈಗೆಟುಕುವ ಮನೆ ಕಟ್ಟುವ ಬಿಲ್ಡರ್‌ಗೆ ಅದರ ಲಾಭದ ಮೇಲೆ ಪೂರ್ತಿ ವಿನಾಯಿತಿ ಕೊಡುತ್ತಿದ್ದರು. 2019ರ ಸೆಪ್ಟೆಂಬರ್‌ನಿಂದ ಅದರಲ್ಲಿ ಮನೆಯ ಬೆಲೆಗೆ ಹಾಕಿದ್ದ ಮಿತಿ 45 ಲಕ್ಷ. ಆ ಹೆಣ್ಣುಮಗಳು ಒಂದು ರೂಪಾಯಿಯೂ ಖರ್ಚು ಮಾಡದೆ ಸಂಬಳವನ್ನೆಲ್ಲ ಕೂಡಿಟ್ಟರೂ 31 ವರ್ಷ ಬೇಕು. ಇನ್ನು ನಮ್ಮಂಥ ಊರಲ್ಲಿ ಜಾಗ ಕನಿಷ್ಠ 2,000 ಚದರ ಮೀಟರ್ ಇರಬೇಕಿತ್ತು, ಅಂದರೆ ಹತ್ತಿರಹತ್ತಿರ 20 ಗುಂಟೆ. 30x40 ಸೈಟಿನಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಕೊಡೋನಿಗೆ ಇದು ಸಿಗುವ ಹಾಗೇ ಇರಲಿಲ್ಲ. ಬಾಡಿಗೆ ಮನೆ ಯೋಜನೆಗಳನ್ನು 2021ರ ಬಜೆಟ್‌ನಲ್ಲಿ ಸೇರಿಸಿದರು, ಆದರೆ 2022ರ ಮಾರ್ಚ್ 31ಕ್ಕೆ ಅನುಮೋದನೆಯ ಗಡುವೇ ಮುಗಿದುಹೋಯಿತು. ಸಾಲ ಮಾಡಿ ಮನೆ ಕೊಂಡವರಿಗೆ ಬಡ್ಡಿಯ ಲೆಕ್ಕದಲ್ಲಿ ಇನ್ನೂ ಒಂದೂವರೆ ಲಕ್ಷವನ್ನು ಆದಾಯದಿಂದ ಕಳೆಯಲು ಬಿಟ್ಟಿದ್ದೂ ತೆರಿಗೆ ಕಟ್ಟುವ ನಮ್ಮಂಥವರಿಗೇ ಅಲ್ವಾ?

ಅಮೆರಿಕದಲ್ಲಿ 1986ರಿಂದ ಬೇರೆ ದಾರಿ ಇದೆ. ಕಡಿಮೆ ಬಾಡಿಗೆಯ ಮನೆ ಕಟ್ಟೋರಿಗೆ ಸರ್ಕಾರ ತೆರಿಗೆ ಕ್ರೆಡಿಟ್ ಕೊಡುತ್ತದೆ, ಕಟ್ಟಬೇಕಾದ ತೆರಿಗೆಯಲ್ಲೇ ಹತ್ತು ವರ್ಷ ಅಷ್ಟಷ್ಟು ಕಡಿತ. ಬಿಲ್ಡರ್ ಆ ಕ್ರೆಡಿಟ್ಟನ್ನು ಬ್ಯಾಂಕು, ಕಂಪನಿಗಳಿಗೆ ಬಿಟ್ಟುಕೊಟ್ಟು ಅವರಿಂದ ಬಂಡವಾಳ ತರುತ್ತಾನೆ. ಅಷ್ಟು ದುಡ್ಡು ಮೊದಲೇ ಬಂದರೆ ಸಾಲ ಕಡಿಮೆ, ಬಾಡಿಗೆಯನ್ನೂ ಕಡಿಮೆ ಇಡಬಹುದು. ಸಣ್ಣ ಊರುಗಳಲ್ಲೂ ಹೀಗೆ ಕಟ್ಟಿದ ಮನೆಗಳಿವೆ. ಒಳಗೆ ಬರೋರ ಆದಾಯಕ್ಕೂ ಬಾಡಿಗೆಗೂ ಮಿತಿ ಇದೆ, ಸಾಮಾನ್ಯವಾಗಿ 30 ವರ್ಷ ಅದನ್ನು ಪಾಲಿಸಬೇಕು, ಮೊದಲ 15 ವರ್ಷದಲ್ಲಿ ತಪ್ಪಿದರೆ ಪಡೆದ ಕ್ರೆಡಿಟ್ಟಿನಲ್ಲಿ ಒಂದು ಭಾಗ ವಾಪಸ್ ಕಟ್ಟಬೇಕಾಗುತ್ತದೆ. ಕಾಗದಪತ್ರ ಜಾಸ್ತಿ, ಅವಧಿ ಮುಗಿದ ಮೇಲೆ ಬಾಡಿಗೆ ಏರುವ ಭಯವೂ ಇದೆ. ಆದರೂ ರಿಯಾಯಿತಿ ತಗೊಂಡವನು ಬಾಡಿಗೆಯ ಲೆಕ್ಕ ಒಪ್ಪಿಸಲೇಬೇಕು, ನಮಗೆ ಬೇಕಾಗಿರೋದು ಅದು.

ಪ್ರಧಾನಮಂತ್ರಿ ಆವಾಸ್ ಯೋಜನೆಯ 2024ರ ಎರಡನೇ ಹಂತದಲ್ಲಿ ಬಾಡಿಗೆ ಮನೆಗೂ ಒಂದು ವಿಭಾಗ ಇಟ್ಟಿದ್ದಾರೆ, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಕಾರ್ಖಾನೆ ಕೆಲಸಗಾರರು ಎಲ್ಲ ಅದರಲ್ಲಿ ಬರುತ್ತಾರೆ. ಅದನ್ನು ಬೆಂಗಳೂರು, ಮೈಸೂರಿಗಷ್ಟೇ ಬಿಡಬೇಡಿ. ಮದ್ದೂರು, ಮಳವಳ್ಳಿ, ಪಾಂಡವಪುರದಲ್ಲೂ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ ಜಾಗ ಗುರುತಿಸಿ. ತೆರಿಗೆ ರಿಯಾಯಿತಿ ಮತ್ತೆ ತರುವುದಾದರೆ 20 ಗುಂಟೆಯ ಷರತ್ತು ತೆಗೆದು, ಇಷ್ಟು ವರ್ಷ ಇಷ್ಟೇ ಬಾಡಿಗೆ ಅಂತ ಬರೆಸಿಕೊಂಡು ಕೊಡಿ. ನಮ್ಮ ಸಂಸದರು, ಶಾಸಕರು ಮುಂದಿನ ಬಜೆಟ್‌ಗೆ ಮೊದಲೇ ಇದನ್ನು ಕೇಳಬೇಕು. ಯುಗಾದಿ ಕಳೆದ ಮೇಲೆ ಬಾಡಿಗೆಗೆ ಇನ್ನೂ 500 ಸೇರಿಸಬೇಕು ಅಂತ ಓನರ್ ಈಗಲೇ ಆ ಹೆಣ್ಣುಮಗಳಿಗೆ ಹೇಳಿದ್ದಾರೆ.

— ಓದುಗ, ಮದ್ದೂರು