ಡಿಸ್ಕ್‌ವರ್ಲ್ಡ್ ಒಂದನೇ ಪುಸ್ತಕದಿಂದಲೇ ಶುರು ಮಾಡ್ಬೇಕಿಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ದಾವಣಗೆರೆ ಕಾಲೇಜ್ ಹುಡುಗ್ರು ಈಗೀಗ ಇಂಗ್ಲಿಷ್ ಫ್ಯಾಂಟಸಿ ಓದೋಕೆ ಶುರು ಮಾಡಿದಾರೆ, ಬಾಳ ಖುಷಿ ವಿಷ್ಯ, ಆದ್ರೆ ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಅನ್ನೋ ನಗೆ-ಫ್ಯಾಂಟಸಿ ಸರಣಿ ಅಂದ ಕೂಡ್ಲೇ 41 ಕಾದಂಬರಿನಾ ಅಂತ ಹೆದ್ರಿ ಬಿಟ್ಬಿಡ್ತಾರೆ, ಇಲ್ಲಾ 1983ರ ‘ದಿ ಕಲರ್ ಆಫ್ ಮ್ಯಾಜಿಕ್’ ಹಿಡ್ಕೊಂಡು ಅರ್ಧಕ್ಕೇ ನಿಲ್ಲಿಸ್ತಾರೆ. ಅದು ಮೊದಲ್ನೇದು ನಿಜ, ಆದ್ರೆ ಅದ್ರಲ್ಲಿ ಹಳೇ ಫ್ಯಾಂಟಸಿ ಕಥೆಗಳ ಗೇಲಿನೇ ಜಾಸ್ತಿ, ಆ ಕಥೆಗಳ ಪರಿಚಯ ಇಲ್ದಿದ್ರೆ ಅಷ್ಟು ನಗು ಬರಲ್ಲ. ಆರ್ಡರ್ ಪ್ರಕಾರನೇ ಓದ್ಬೇಕು ಅಂತೇನಿಲ್ಲ ರೀ, ಹೆಚ್ಚಿನವು ಬಿಡಿಬಿಡಿಯಾಗಿ ಓದ್ಬೋದು, ಕಾವಲುಗಾರರ ಸಾಲು ಬೇರೆ, ಮಾಟಗಾತಿಯರದ್ದು ಬೇರೆ, ಸಾವು ಅನ್ನೋ ಪಾತ್ರದ್ದು ಬೇರೆ.

ನನ್ ಕೇಳಿದ್ರೆ 1989ರ ‘ಗಾರ್ಡ್ಸ್! ಗಾರ್ಡ್ಸ್!’ ಮೊದ್ಲು. ಕುಳ್ಳರ ಮನೇಲಿ ಬೆಳೆದ ಕ್ಯಾರಟ್ ಅನ್ನೋ ಆಳೆತ್ತರದ ಹುಡುಗ ಕಾವಲು ಕೆಲಸಕ್ಕೆ ಅಂತ ಪಟ್ಟಣಕ್ಕೆ ಬರ್ತಾನೆ, ಕಾನೂನು ಪುಸ್ತಕ ಓದ್ಕೊಂಡು ಬಂದವ್ನು ಕಳ್ಳರ ಸಂಘದ ಅಧ್ಯಕ್ಷನ್ನೇ ಅರೆಸ್ಟ್ ಮಾಡಿ ಕರ್ಕೊಂಡು ಬರ್ತಾನೆ, ಆ ಊರಲ್ಲಿ ಕಳ್ಳತನಕ್ಕೇ ಲೈಸೆನ್ಸ್ ಇದೆ ಅನ್ನೋದು ಪಾಪ ಅವನ ತಲೆಗೇ ಹೋಗಲ್ಲ. ನಗ್ತಾ ನಗ್ತಾ ನಮ್ಮ ವ್ಯವಸ್ಥೆ ಬಗ್ಗೆನೂ ಯೋಚ್ನೆ ಬರುತ್ತೆ. ಸಣ್ಣದು ಬೇಕು ಅಂದ್ರೆ 1987ರ ‘ಮಾರ್ಟ್’, ಸಾವೇ ಒಬ್ಬ ಹುಡುಗನ್ನ ಕೆಲಸ ಕಲಿಯೋಕೆ ಸೇರಿಸ್ಕೊಳ್ಳೋ ಕಥೆ. ಹೈಸ್ಕೂಲ್ ಮಕ್ಕಳಿಗೆ ‘ದಿ ವೀ ಫ್ರೀ ಮೆನ್’ ಕೊಡಿ, ಒಂಬತ್ತು ವರ್ಷದ ಟಿಫನಿ ಬಾಣಲೆ ಹಿಡ್ದು ಹೊಳೆಯ ಭೂತಕ್ಕೆ ಬಾರಿಸೋದನ್ನ ಯಾವ ಮಗು ತಾನೇ ಬಿಡುತ್ತೆ!

ನಮ್ಮ ಊರಿನ ಲೈಬ್ರರಿಗಳು ಇಡೀ ಸೆಟ್ ತರಿಸ್ದಿದ್ರೂ ಪರ್ವಾಗಿಲ್ಲ, ಈ ಮೂರನ್ನಾದ್ರೂ ತರಿಸ್ಲಿ.

– ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ